ನಮ್ಮ ಆತ್ಮಚರಿತ್ರೆಗಳಲ್ಲಿ ಹೊಸ ವಿದ್ಯಾರ್ಥಿ

ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಮನೆಯ ಎದುರಿನ ಬಾಡಿಗೆ ಕೊಠಡಿಯಲ್ಲಿ ಕುಣಿಗಲು ಕಡೆಯ ಹುಡುಗನೊಬ್ಬನು ಇಳಿದುಕೊಂಡಿದ್ದನು. ಕಾಲೇಜಿಗೆ ಸೇರಿ ಎರಡು ತಿಂಗಳಾಗಿದ್ದಿತು. ದಸರೆಯ ರಜಕ್ಕೆ ಊರಿಗೆ ಹೋದವನು ಹಿಂತಿರುಗಲಿಲ್ಲ. ತಂದೆ ಬಂದು ಹಾಸಿಗೆ ಪೆಟ್ಟಿಗೆಗಳನ್ನು ಕೊಂಡೊಯ್ದರು. ಕಾರಣವನ್ನು ವಿಚಾರಿಸಲಾಗಿ, “ಅವನಿಗೆ ಇಲ್ಲಿ ಒಗ್ಗಲಿಲ್ಲ, ಸ್ವಾಮಿ” ಎಂದಷ್ಟೇ ಹೇಳಿದರು. ಈ ‘ಒಗ್ಗಲಿಲ್ಲ’ ಎಂಬ ಮಾತಿನ ಹಿಂದಿರುವ ಸಂಕಟವನ್ನು ನಮ್ಮ ಸಾಹಿತ್ಯವು ಎಷ್ಟರಮಟ್ಟಿಗೆ ಚಿತ್ರಿಸಿದೆ? ಅಂಥ ಹುಡುಗನ ಕೈಗೆ ಕೊಡಬಹುದಾದ ಗ್ರಂಥ ಯಾವುದು? ನಾಲ್ಕು ಆತ್ಮಚರಿತ್ರೆಗಳನ್ನು ಈ ದೃಷ್ಟಿಯಿಂದ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯದು ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ (1980). ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಓದಲು ಬಂದ ಬಾಲಕನಿಗೆ ಕಾಡು ಹಿಂದೆ ಉಳಿಯಿತು. ಮುಂದೆ ಇಂಗ್ಲಿಷ್ ವಿದ್ಯೆಯ ವೈಭವ ನಿಂತಿತು. ಆ ವೈಭವಕ್ಕೆ ಸೋತು ಅವರು ಮೊದಲು ಕವಿತೆ ಬರೆದದ್ದೇ ಇಂಗ್ಲಿಷಿನಲ್ಲಿ. 1924ರಲ್ಲಿ ಜೇಮ್ಸ್ ಕಸಿನ್ಸ್ ಅವರು ನಿನ್ನ ನುಡಿಯಲ್ಲಿ ಬರೆ ಎಂದು ಹೇಳಿದ ಪ್ರಸಂಗವು ಎಲ್ಲರಿಗೂ ತಿಳಿದದ್ದೇ. ಆದರೆ ಗ್ರಂಥದ ಹೆಚ್ಚುಗಾರಿಕೆ ಆ ಪ್ರಸಂಗದಲ್ಲಿಲ್ಲ. ಕವಿಯು ತನ್ನ ವಿದ್ಯಾರ್ಥಿದೆಶೆಯ ದಿನಚರಿಯ ಹಾಳೆಗಳನ್ನು ಅಲ್ಲಲ್ಲಿ ಸೇರಿಸಿರುವುದರಲ್ಲಿದೆ. ವೃದ್ಧಾಪ್ಯದ ಸ್ಮರಣೆಯು ಎಲ್ಲಕ್ಕೂ ಅರ್ಥವನ್ನು ಹಚ್ಚುತ್ತದೆ. ದಿನಚರಿಗೆ ನಾಳೆಯ ಅರಿವಿಲ್ಲ. ಆದಕಾರಣ ಅದರಲ್ಲಿ ಅಳುಕು ಅಳುಕಾಗಿಯೇ ಉಳಿದಿದೆ.

ಎಸ್. ಎಲ್. ಭೈರಪ್ಪನವರ ‘ಭಿತ್ತಿ’ (1996) ಇನ್ನೂ ಕಠಿಣವಾದ ಲೋಕ. ಪ್ಲೇಗಿನಿಂದ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡ ಹುಡುಗನಿಗೆ ‘ಹೊಸ ಪರಿಸರ’ ಎಂಬುದು ಮನಸ್ಸಿನ ಪ್ರಶ್ನೆಯಾಗುವುದಕ್ಕೆ ಮುಂಚೆ ಹೊಟ್ಟೆಯ ಪ್ರಶ್ನೆ. ವಾರಾನ್ನದ ಮನೆಗಳ ವರ್ಣನೆಯಲ್ಲಿ ಕಣ್ಣೀರಿಲ್ಲ, ಬೇಡಿಕೆಯಿಲ್ಲ. ಸಾವನ್ನು ಕಂಡ ಬಾಲಕನೇ ಮುಂದೆ ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಆರಿಸಿಕೊಂಡದ್ದು ಈ ಕಥೆಯೊಳಗಿನಿಂದಲೇ ಸಹಜವಾಗಿ ಮೂಡುತ್ತದೆ. ಆದರೆ ನಾಯಕನ ಛಲವು ಅಷ್ಟು ದೊಡ್ಡದು. ಛಲವಿಲ್ಲದ ಸಾಮಾನ್ಯನು ಇದನ್ನೋದಿ ಧೈರ್ಯ ತಳೆಯುವುದರ ಬದಲು ನಾಚಿಕೊಂಡಾನು.

ಸಿದ್ಧಲಿಂಗಯ್ಯನವರ ‘ಊರುಕೇರಿ’ಗೆ ಬಂದರೆ ಗಾಳಿ ಬದಲಾಗುತ್ತದೆ. ತಂದೆಯನ್ನು ನೊಗಕ್ಕೆ ಕಟ್ಟಿದ ದೃಶ್ಯವನ್ನು ಕಂಡ ಮಗನು ಬೆಂಗಳೂರಿನ ಉಚಿತ ವಿದ್ಯಾರ್ಥಿನಿಲಯದ ಬಾಳನ್ನು ನಗುನಗುತ್ತ ಹೇಳುತ್ತಾನೆ. ಈ ನಗೆಯು ಮರೆವಲ್ಲ, ಅವಮಾನಕ್ಕೆ ತಲೆಬಾಗದಿರುವ ಉಪಾಯ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ನಗುವುದಿಲ್ಲ. ಸರ್ಕಾರದ ಸಹಾಯವನ್ನು ಪಡೆದು ಓದುವವನಿಗೆ ಕಟ್ಟಿದ ಅಡ್ಡಹೆಸರನ್ನೇ ಅದು ಶಿರೋನಾಮೆಯಾಗಿ ಧರಿಸಿದೆ. ಬಾಗಿಲು ತೆರೆದ ಮಾತ್ರಕ್ಕೆ ಒಳಗಿನವರು ಬಾ ಎಂದಂತಾಗಲಿಲ್ಲ ಎಂಬ ಸತ್ಯವನ್ನು ಇವೆರಡೂ ಗ್ರಂಥಗಳು ಬೇರೆಬೇರೆ ಕಂಠಗಳಿಂದ ಸಾರುತ್ತವೆ.

ಇಷ್ಟು ಮೆಚ್ಚಿದ ಮೇಲೆ ಒಂದು ಆಕ್ಷೇಪಣೆಯನ್ನು ಮರೆಮಾಚಲಾಗದು. ಇವೆಲ್ಲವೂ ಹೊಳೆ ದಾಟಿದವರ ಕಥೆಗಳು. ಆಚೆಯ ದಡದಲ್ಲಿ ನಿಂತು ನೋಡುವವನಿಗೆ ಸುಳಿಯೂ ಸುಂದರವೇ. ಅರ್ಧದಲ್ಲಿ ಹಿಂತಿರುಗಿದವನು ಆತ್ಮಚರಿತ್ರೆಯನ್ನು ಬರೆಯುವುದಿಲ್ಲ. ಮೇಲಾಗಿ, ಇಲ್ಲಿ ಎತ್ತಿಕೊಂಡ ನಾಲ್ವರೂ ಪುರುಷರು. ಇದು ನಮ್ಮ ಆಯ್ಕೆಯ ದೋಷವೂ ಹೌದು. 2023ರಿಂದ ಶಕ್ತಿ ಯೋಜನೆಯ ದೆಸೆಯಿಂದ ಟಿಕೆಟಿನ ಹಣವಿಲ್ಲದೆ ಗುಬ್ಬಿಯಿಂದ ಬಸ್ಸು ಹತ್ತಿ ಬರುವ ಹುಡುಗಿಯು, ಸಂಜೆ ಮನೆಗೆಲಸಕ್ಕೂ ಬೆಳಿಗ್ಗೆ ಇಂಗ್ಲಿಷ್ ಪಾಠಕ್ಕೂ ನಡುವೆ ತನ್ನನ್ನು ಹೇಗೆ ಹೊಂದಿಸಿಕೊಳ್ಳುವಳೆಂಬುದನ್ನು ಈ ಪುಟಗಳಲ್ಲಿ ಹುಡುಕಿದರೆ ಸಿಕ್ಕದು.

ಹಿಂದಿನ ವಿದ್ಯಾರ್ಥಿಗೆ ಒಗ್ಗಿಕೊಳ್ಳಲು ಒಂದು ವರ್ಷವಿದ್ದಿತು. ಇಂದಿನ ಸೆಮಿಸ್ಟರು ಕೆಲವೇ ತಿಂಗಳುಗಳದು. ಸಹಪಾಠಿಗಳ ಹೆಸರು ತಿಳಿಯುವಷ್ಟರಲ್ಲಿ ಮೊದಲ ಕಿರುಪರೀಕ್ಷೆ ಬಂದಿರುತ್ತದೆ. ಆ ಅಂಕಗಳನ್ನೇ ತನ್ನ ಯೋಗ್ಯತೆಯ ತೀರ್ಪೆಂದು ಎಳೆಯ ಮನಸ್ಸು ನಂಬಿಬಿಡುತ್ತದೆ. ನಮ್ಮ ಜಿಲ್ಲೆಯವರು ಇಲ್ಲಿ ಒಂದು ನಿದರ್ಶನವನ್ನು ನೆನೆಯಬಹುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ತರುಣರೊಬ್ಬರು 1930ರಲ್ಲಿ ಸಿದ್ಧಗಂಗಾ ಮಠದ ಹೊಣೆಗೆ ಆಯ್ಕೆಯಾಗಿ, ಪದವಿಯನ್ನು ಪಡೆಯದೆಯೇ ಹಿಂತಿರುಗಿದರು. ಆ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಹಸ್ರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟರು. ಅವರು ಹಿಂತಿರುಗಿದ ಕಾರಣ ಬೇರೆ, ಎದುರುಮನೆಯ ಹುಡುಗನದು ಬೇರೆ; ಆದರೂ ಕಾಲೇಜನ್ನು ಬಿಟ್ಟದ್ದೇ ಬಾಳಿನ ಸೋಲಲ್ಲವೆಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಆ ಹುಡುಗನಿಗೆ ಕೊಡಬೇಕಾದದ್ದು ಯಾವುದು? ನಮ್ಮ ಅಭಿಪ್ರಾಯದಲ್ಲಿ ಮೊದಲು ‘ಊರುಕೇರಿ’; ಛಲಕ್ಕಿಂತ ನಗೆಯು ಬೇಗ ಜೊತೆಗಾರನಾಗುತ್ತದೆ. ಅನಂತರ ಕುವೆಂಪು ಅವರ ದಿನಚರಿಯ ಭಾಗ, ಮಹಾಕವಿಯೂ ಒಂದು ಕಾಲಕ್ಕೆ ಅಳುಕಿದ್ದನೆಂದು ತಿಳಿಯಲು. ಆದರೆ ಪುಸ್ತಕವನ್ನು ಕೊಡುವುದಕ್ಕೂ ಎದುರುಮನೆಯ ಬಾಗಿಲನ್ನು ಯಾರಾದರೂ ತಟ್ಟಬೇಕಷ್ಟೆ. ಎರಡು ತಿಂಗಳು ಕಂಡೂ ನಾವು ಅವನನ್ನು ಊಟವಾಯಿತೇ ಎಂದು ಒಮ್ಮೆಯೂ ಕೇಳಲಿಲ್ಲ. ಬರೆಯದೆ ಉಳಿದ ಆ ಆತ್ಮಚರಿತ್ರೆಯಲ್ಲಿ ನಮಗೂ ಒಂದು ಪುಟವಿದ್ದೀತು.