ನೀ ಯಾರ ಕಡೆಯಾಂವ?

ಚೋಮನನ್ನು ತೆರೆಯ ಮೇಲೆ ಹೇಗೆ ತೋರಿಸಲಾಗಿದೆ, ಅವನ ಸಿಟ್ಟೆಲ್ಲಿ ಹೋಯಿತು ಎಂದು ದಲಿತ ವಿಮರ್ಶೆ ಸಾಕಷ್ಟು ಜಗಳ ತೆಗೆದಿದೆ. ನನ್ನ ಪ್ರಶ್ನೆ ಬೇರೆ: 1975ರ 'ಚೋಮನ ದುಡಿ'ಯ ಸೆಟ್ಟಿನಲ್ಲಿ ಸಿನಿಮಾ ಕಲಿತವರು ಯಾರು? ಬಿ.ವಿ. ಕಾರಂತರಿಗೆ ಸಹಾಯಕರಾಗಿದ್ದ ಗಿರೀಶ ಕಾಸರವಳ್ಳಿ ಮುಂದೆ ದೊಡ್ಡ ನಿರ್ದೇಶಕರಾದರು. ಅದಕ್ಕೂ ಮೊದಲು ಬಿ.ಆರ್. ಪಂತುಲು ಅವರ ಕೈಕೆಳಗೆ ಪುಟ್ಟಣ್ಣ ಕಣಗಾಲ್, ಪುಟ್ಟಣ್ಣನವರ ಕೈಕೆಳಗೆ ತಮಿಳಿನ ಭಾರತಿರಾಜ ಪಳಗಿದ್ದರು. ಕೈಕೆಲಸ ಕೈಯಿಂದಲೇ ಕಲಿಯಬೇಕು. ಈ ಪ್ರತಿಭಾವಂತರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಬಾಗಿಲಿನ ಬಗ್ಗೆ.

ಜೇವರ್ಗಿಯ ನಮ್ಮ ಓಣಿಯ ಹುಡುಗನೊಬ್ಬ ಬೆಂಗಳೂರಿಗೆ ಹೋಗಿ ಎಂಟು ತಿಂಗಳಿಗೇ ವಾಪಸ್ ಬಂದ. 'ಊಟ ಹಾಕ್ತಾರ ಕಾಕಾ, ರೊಕ್ಕ ಕೊಡಂಗಿಲ್ಲ. ಕಲಿಯೋದೇ ನಿನ್ನ ಪಗಾರ ಅಂತಾರ. ಮೊದಲ್ನೇ ದಿನಾನೇ ನೀ ಯಾರ ಕಡೆಯಾಂವ ಅಂತ ಕೇಳಿದ್ರು' ಎಂದ. ಅವರಪ್ಪನದು ತೊಗರಿ ಹೊಲದಾಗ ಕೂಲಿ. ಪಗಾರವಿಲ್ಲದೆ ವರ್ಷಗಟ್ಟಲೆ ಕಲಿಯಬೇಕಾದರೆ ಬೆಂಗಳೂರಿನಲ್ಲಿ ಮನೆಯಿರಬೇಕು, ಇಲ್ಲವೇ ಊರಲ್ಲಿ ಹೊಲವಿರಬೇಕು. ಯಾರ ಕಡೆಯವನು ಎಂದರೆ ಹೇಳಲು ಒಂದು ಹೆಸರಿರಬೇಕು. ಜಾತಿಯ ಹೆಸರನ್ನೇ ಎತ್ತದೆ ಜಾತಿ ತನ್ನ ಕೆಲಸ ಮಾಡುವುದು ಹೀಗೆ.

ಇದು ಹಣೆಬರಹವೇನೂ ಅಲ್ಲ. ನಮ್ಮ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ನಾಗರಾಜ ಮಂಜುಳೆ ಕಿರುಚಿತ್ರದಿಂದ ಶುರುಮಾಡಿ 'ಫಂಡ್ರಿ' (2013) ತೆಗೆದರು. ತಮಿಳಿನ ಮಾರಿ ಸೆಲ್ವರಾಜ್ ನಿರ್ದೇಶಕ ರಾಮ್ ಬಳಿ ಕಲಿತರು; ಅವರ ಮೊದಲ ಚಿತ್ರ 'ಪರಿಯೇರುಂ ಪೆರುಮಾಳ್' (2018) ನಿರ್ಮಿಸಿದವರು ಪಾ. ರಂಜಿತ್. ತಾನು ದಾಟಿದ ಬಾಗಿಲನ್ನು ಇನ್ನೊಬ್ಬನಿಗಾಗಿ ತೆರೆದು ಹಿಡಿಯುವುದೂ ಚಳವಳಿಯೇ ಎಂಬುದನ್ನು ನಾವು ಮರೆಯಬಾರದು.

ಗುರು ಎಂಬುದು ನಮ್ಮ ಸೀಮೆಗೆ ಹೊಸ ಮಾತಲ್ಲ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರಿಗೆ ಚೆನ್ನೂರ ಜಲಾಲಸಾಬ ಶಿಷ್ಯ. ಅಲ್ಲಿ ಧರ್ಮ ಅಡ್ಡ ಬರಲಿಲ್ಲ. 1890ರಲ್ಲಿ ತೀರಿಕೊಂಡ ಫುಲೆಯವರನ್ನು 1891ರಲ್ಲಿ ಹುಟ್ಟಿದ ಬಾಬಾಸಾಹೇಬರು ಗುರುವೆಂದು ಸ್ವೀಕರಿಸಿದರು. ವಿಚಾರ ಕಲಿಯಲು ಕಾಣದ ಗುರುವಾದರೂ ಸಾಕು. ಸಿನಿಮಾ ಕಲಿಯಲು ಎದುರಿಗೊಬ್ಬ ಗುರು ಬೇಕು, ತಿಂಗಳ ಪಗಾರವೂ ಬೇಕು.

ಆದ್ದರಿಂದ ನಮ್ಮ ವಿಮರ್ಶೆ ಇನ್ನು ಮೇಲೆ ಕಥೆಯೊಂದನ್ನೇ ಓದಿದರೆ ಸಾಲದು. ಟೈಟಲ್ ಕಾರ್ಡಿನಲ್ಲಿ ಸರಸರ ಸರಿದುಹೋಗುವ ಸಹಾಯಕರ ಹೆಸರುಗಳನ್ನೂ ಓದಬೇಕು. ಇವರು ಎಲ್ಲಿಂದ ಬಂದರು, ಇವರಿಗೆ ಯಾರು ಏನು ಕೊಟ್ಟರು ಎಂದು ಕೇಳಬೇಕು. ದಲಿತರ ಬದುಕಿನ ಚಿತ್ರವೆಂದು ಹೇಳಿಕೊಳ್ಳುವವರನ್ನಂತೂ ಮೊದಲು ಕೇಳಬೇಕು.

ಆ ಹುಡುಗ ಈಗ ಜೇವರ್ಗಿಯಲ್ಲಿ ಮದುವೆ ವಿಡಿಯೊ ತೆಗೀತಾನೆ. ಮೊನ್ನೆ ಒಂದು ನೋಡಿದೆ. ಮಗಳನ್ನು ಕಳಿಸಿಕೊಟ್ಟು ಚಪ್ಪರದ ಕಂಬ ಹಿಡಿದು ನಿಂತ ತಾಯಿಯನ್ನು ಎಲ್ಲರೂ ಬಿಟ್ಟಿದ್ದರು. ಅವನ ಕ್ಯಾಮೆರಾ ಬಿಟ್ಟಿರಲಿಲ್ಲ.