ಅಘನಾಶಿನಿ ಅಳಿವೆಯ ಕೆಸರು ಯಾರ ಲೆಕ್ಕದಲ್ಲಿದೆ?

2024ರ ಜನವರಿ ಕೊನೆಯಲ್ಲಿ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. 4,801 ಹೆಕ್ಟೇರ್ ವಿಸ್ತಾರ. ಕರ್ನಾಟಕದ ಕರಾವಳಿಗೆ ಈ ಮನ್ನಣೆ ಇದೇ ಮೊದಲು. ಆದರೆ ಅಲ್ಲಿಯವರೆಗೆ ಅಳಿವೆ ಉಳಿದದ್ದು ಜನರಿಂದ. ಅಳಿವೆಯ ದಂಡೆಯ ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಮೀನುಗಾರರು, ರೈತರು ಎದುರು ನಿಂತರು. ಯೋಜನೆ ಹಿಂದೆ ಸರಿಯಿತು.

ಇಲ್ಲಿನ ಸಂರಕ್ಷಣೆಯ ಹೆಚ್ಚು ಕಣ್ಣಿಗೆ ಬೀಳುವ ಕೆಲಸ ಕಾಂಡ್ಲ (ಮ್ಯಾಂಗ್ರೋವ್) ನೆಡುವುದು. ಅರಣ್ಯ ಇಲಾಖೆ ಹಳ್ಳಿಗರ ಜೊತೆ ಸೇರಿ ನೆಟ್ಟ ಗಿಡಗಳು ದಂಡೆಗಳಲ್ಲಿ ದಟ್ಟವಾಗಿ ಬೆಳೆದಿವೆ. ಮೀನುಮರಿಗಳಿಗೆ ಆಸರೆಯಾಗಿವೆ, ಕಟ್ಟೆಗಳ ಕೊರೆತ ತಡೆದಿವೆ. ಈ ಶ್ರಮಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು. ತೊಡಕಿರುವುದು ನೆಡುವ ಜಾಗದ ಆಯ್ಕೆಯಲ್ಲಿ. ಮರದಲ್ಲೇ ಮೊಳೆತು ಉದ್ದಕ್ಕೆ ಇಳಿಬೀಳುವ ರೈಝೋಫೋರಾ ಜಾತಿಯ ಕಾಂಡ್ಲದ ಕೋಡುಗಳನ್ನು ಕೆಸರಿಗೆ ಊರುವುದು ಸುಲಭ. ಹಾಗೆಂದು ಇಳಿತದಲ್ಲಿ ಬಯಲಾಗುವ ಕೆಸರನ್ನೆಲ್ಲ ಖಾಲಿ ಜಾಗವೆಂದು ಎಣಿಸಿದರೆ ಕೆಟ್ಟಿತು. ಬಳಚು ಎಂಬ ಚಿಪ್ಪುಜೀವಿ ಬೆಳೆಯುವುದು ಅಲ್ಲೇ, ವಲಸೆ ಬಂದ ಹಕ್ಕಿಗಳು ಮೇಯುವುದೂ ಅಲ್ಲೇ. ಫಿಲಿಪ್ಪೀನ್ಸ್‌ನಲ್ಲಿ ಇಂಥ ಬಯಲುಗಳ ಮೇಲೆ ನೆಟ್ಟ ಸಸಿಗಳು ರಾಶಿ ರಾಶಿಯಾಗಿ ಸತ್ತಿವೆ. ನೆಟ್ಟ ಸಸಿಗಳ ಎಣಿಕೆಯಿಂದಲೇ ಯಶಸ್ಸನ್ನು ಅಳೆದರೆ ಬಳಚಿನ ನೆಲೆ ಕಳೆದುಹೋದದ್ದು ಯಾವ ವರದಿಯಲ್ಲೂ ಕಾಣುವುದಿಲ್ಲ.

ಅಳಿವೆ ಬದಿಯ ಮಾಣಿಕಟ್ಟಾದ ಗಜನಿ ಗದ್ದೆಗಳು, ಅಂದರೆ ಉಪ್ಪುನೀರು ಬರುವ ತಗ್ಗು ಗದ್ದೆಗಳು, ಇದಕ್ಕಿಂತ ದೊಡ್ಡ ಪಾಠ. ಅಲ್ಲಿ ಮಳೆಗಾಲದ ಸಿಹಿನೀರಿನಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆದು ನಿಲ್ಲುವ ತಳಿ ಇದು. ಗೊಬ್ಬರ, ಕೀಟನಾಶಕ ಬೇಡ. ಕೊಯ್ಲಾದ ಮೇಲೆ ತೂಬು ತೆರೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆ ಮೀನು, ಸಿಗಡಿಯ ನೆಲೆ. ಕಟ್ಟೆ ಕಾಯುವುದಕ್ಕೂ ತೂಬು ನೋಡಿಕೊಳ್ಳುವುದಕ್ಕೂ ಊರಿಗೆ ಊರೇ ಒಂದಾಗಬೇಕು. ಆ ಒಗ್ಗಟ್ಟೇ ಇಲ್ಲಿನ ನಿಜವಾದ ಸಂರಕ್ಷಣಾ ವ್ಯವಸ್ಥೆ. ಸಿಗಡಿ ಕೃಷಿಯ ಹಣದಾಸೆ ಹಲವೆಡೆ ಅದನ್ನು ಮುರಿಯಿತು. ರೋಗ ಬಂದು ಸಿಗಡಿ ನೆಲಕಚ್ಚಿದಾಗ ಗದ್ದೆಗಳೂ ಪಾಳು ಬಿದ್ದವು. ಈಗ ಉಪ್ಪುನೀರು ತಡೆಯಲು ಕಾಂಕ್ರೀಟ್ ಗೋಡೆ ಎಬ್ಬಿಸುವವರು ಒಂದು ಮಾತು ನೆನಪಿಡಬೇಕು: ಕಗ್ಗದ ಗದ್ದೆಗೆ ಉಪ್ಪುನೀರು ಶತ್ರುವಲ್ಲ, ಹೊತ್ತು ತಪ್ಪಿ ಬರಬಾರದು ಅಷ್ಟೆ.

ಸಮುದಾಯದ ಕಡೆಯಿಂದಲೂ ಕೊರತೆಯಿದೆ. ಮರಿ ಬಳಚನ್ನೂ ಬಿಡದೆ ಬಾಚಿದರೆ ಮುಂದಿನ ವರ್ಷದ ಫಸಲೇ ಹೋಗುತ್ತದೆ. ಗಾತ್ರದ ಮಿತಿಯನ್ನು ಬಳಚು ಹೆಕ್ಕುವವರೇ ಕೂತು ನಿಗದಿ ಮಾಡಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಘಟ್ಟದ ಮೇಲಿದೆ. ಶಿರಸಿಯಲ್ಲಿ ಹುಟ್ಟಿ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ಅಪರೂಪದ ನದಿ ಅಘನಾಶಿನಿ. ಅದರ ನೀರನ್ನು ಪೂರ್ವಕ್ಕೆ ತಿರುಗಿಸುವ ಪ್ರಸ್ತಾಪಗಳು ಮತ್ತೆ ಮತ್ತೆ ಎದ್ದು ಬರುತ್ತಿವೆ. ಸಿಹಿನೀರು ಕಡಿಮೆಯಾದರೆ ಉಪ್ಪಿನ ಹದ ಕೆಟ್ಟು ಬಳಚೂ ಕಗ್ಗವೂ ಒಟ್ಟಿಗೇ ಹೋಗುತ್ತವೆ. ರಾಮ್ಸಾರ್ ತಾಣದ ನಿರ್ವಹಣಾ ಯೋಜನೆ ಅಳಿವೆಯ ಗಡಿಯೊಳಗೇ ನಿಂತರೆ ಸಾಲದು. ನದಿ ತಿರುಗಿಸುವ ಕಡತ ಮೇಜಿಗೆ ಬಂದಾಗ ತದಡಿಯ ಮೀನುಗಾರರಿಗೂ ಮಾಣಿಕಟ್ಟಾದ ರೈತರಿಗೂ ಅಲ್ಲಿ ಕುರ್ಚಿ ಇರಬೇಕು.