ಬೇಟೆಯ ಬರಹದಲ್ಲಿ ಹೊತ್ತು ಮತ್ತು ತುತ್ತು

ಬೇಟೆಯ ಪುಸ್ತಕಗಳನ್ನು ನಮ್ಮ ವಿಮರ್ಶಕರು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸುವುದು ವಿರಳ. ರೈಲಿನಲ್ಲಿ ಓದಿ ಮುಗಿಸುವ ಸಾಹಸಕಥೆಗಳೆಂದೋ, ಜೀವಹಿಂಸೆಯನ್ನು ಕೊಚ್ಚಿಕೊಳ್ಳುವ ಬರಹವೆಂದೋ ಅವನ್ನು ಬದಿಗೊತ್ತುವುದೇ ವಾಡಿಕೆ. ಓದುಗರು ಮಾತ್ರ ಅವನ್ನು ಕೈಬಿಟ್ಟಿಲ್ಲ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ವಿನೋದದ ಬೇಟೆಗೆ ಎಡೆಯಿಲ್ಲದಂತಾಯಿತು. ಕೀನ್ಯಾ ದೇಶವೂ ೧೯೭೭ರಲ್ಲಿ ಬೇಟೆಯನ್ನು ನಿಷೇಧಿಸಿತು. ಬೇಟೆ ನಿಂತರೂ ಬೇಟೆಯ ಪುಸ್ತಕ ನಿಲ್ಲಲಿಲ್ಲ. ಹಾಗಿದ್ದ ಮೇಲೆ ಇವುಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತೂಗಿ ಹೇಳುವ ಹೊಣೆಯಿಂದ ವಿಮರ್ಶೆ ನುಣುಚಿಕೊಳ್ಳಲಾಗದು.

ಇದಕ್ಕೆ ನಾನು ಬಳಸುವ ಒರೆಗಲ್ಲು ತೀರ ಸಾಧಾರಣವಾದದ್ದು. ಗುಂಡು ಹಾರಿದ ಪುಟಗಳನ್ನು ಸದ್ಯಕ್ಕೆ ಬದಿಗಿಟ್ಟು, ಬೇಟೆಗಾರ ಎಷ್ಟು ಹೊತ್ತಿಗೆ ಎದ್ದ, ಏನು ಉಂಡ, ಆ ಊಟವನ್ನು ಹೊತ್ತು ತಂದವರು ಯಾರು, ಅವರು ಏನು ಉಂಡರು ಎಂಬ ಪುಟಗಳನ್ನು ಹುಡುಕುತ್ತೇನೆ. ಗುಂಡಿನ ಪುಟದಲ್ಲಿ ಎಲ್ಲ ಬೇಟೆಗಾರರೂ ಹೆಚ್ಚುಕಡಮೆ ಒಂದೇ ತೆರ. ಹೊತ್ತು ಮತ್ತು ತುತ್ತಿನ ಪುಟದಲ್ಲಿ ಲೇಖಕನ ಸತ್ತ್ವ ತಿಳಿಯುತ್ತದೆ.

ಈ ಒರೆಗಲ್ಲು ಹೊರಗಿನಿಂದ ತಂದದ್ದಲ್ಲ. ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಮಹಾಕಾವ್ಯದಲ್ಲಿ ಬರಬೇಕಾದ ವರ್ಣನೆಗಳನ್ನು ಎಣಿಸುವಾಗ ಬೆಳಗು, ನಡುಹಗಲುಗಳ ಪಕ್ಕದಲ್ಲಿಯೇ ಮೃಗಯೆಯನ್ನು ಇಟ್ಟಿದ್ದಾನೆ. ಅವನಿಗೆ ಅದು ಛಂದಸ್ಸಿನ ಅನುಕೂಲವಿದ್ದೀತು; ನಮಗಂತೂ ಅರ್ಥಪೂರ್ಣವಾಗಿದೆ. ಕಾಳಿದಾಸನ ‘ಶಾಕುಂತಲ’ದ ಎರಡನೆಯ ಅಂಕವನ್ನು ತೆರೆದರೆ ಬೇಟೆಯ ದಿನಚರಿಯ ಮೊದಲ ವಿಮರ್ಶಕನೇ ನಮ್ಮ ಮುಂದೆ ನಿಲ್ಲುತ್ತಾನೆ. ಅವನು ವಿದೂಷಕ. ನಡುಬೇಸಗೆಯ ಮಧ್ಯಾಹ್ನದಲ್ಲಿ ನೆರಳಿಲ್ಲದ ಕಾಡು ಅಲೆಯಬೇಕು. ಎಲೆ ಕೊಳೆತ ಒಗರು ನೀರು ಕುಡಿಯಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಕಂಬಿಯಲ್ಲಿ ಸುಟ್ಟ ಮಾಂಸವನ್ನೇ ತಿನ್ನಬೇಕು. ರಾತ್ರಿ ಮೈಕೈ ನೋವಿನಿಂದ ನಿದ್ದೆಯಿಲ್ಲ, ಕಣ್ಣು ಹತ್ತುವಷ್ಟರಲ್ಲಿ ಕಾಡು ಬಳಸುವ ಬೇಡರ ಗದ್ದಲ. ಇದು ಅವನ ದೂರು. ಸೇನಾಪತಿಯಾದರೋ ಅದೇ ಅಂಕದಲ್ಲಿ ಬೇಟೆಯಿಂದ ಮೈ ಹಗುರವಾಗುತ್ತದೆ, ಮೃಗಗಳ ಮನಸ್ಸು ತಿಳಿಯುತ್ತದೆ, ಅದನ್ನು ವ್ಯಸನವೆನ್ನುವುದು ಸುಳ್ಳು ಎಂದು ಹೊಗಳುತ್ತಾನೆ. ರಂಗದ ಮೇಲೆ ನಾವು ನಗುವುದು ವಿದೂಷಕನನ್ನು ಕಂಡು. ಆದರೆ ಬೇಟೆಯ ದಿನ ಹೇಗಿರುತ್ತದೆಂದು ತಿಳಿಯುವುದೂ ಅವನ ಬಾಯಿಂದಲೇ. ಮುಂದಿನ ಬೇಟೆಯ ಪುಸ್ತಕಗಳಲ್ಲಿ ಸೇನಾಪತಿಯ ದನಿ ಹೇರಳವಾಗಿ ಸಿಗುತ್ತದೆ, ವಿದೂಷಕನ ದನಿ ಅಪರೂಪ.

ವಿನೋದ ಹೀಗೆ ಒಂದು ಕಡೆ. ಇನ್ನೊಂದು ಕಡೆ ದುರಂತ. ವಾಲ್ಮೀಕಿಯ ದಶರಥ ರಾತ್ರಿಯ ವೇಳೆ ಸರಯೂ ತೀರದಲ್ಲಿ ನೀರು ಕುಡಿಯಲು ಬರುವ ಮೃಗಕ್ಕಾಗಿ ಹೊಂಚು ಕೂತಿದ್ದ. ನಮ್ಮ ಮಲೆನಾಡಿನ ಮಾತಿನಲ್ಲಿ ಇದು ಮರಸು. ಆ ಹೊತ್ತಿಗೆ ಅಲ್ಲಿಗೆ ಬಂದದ್ದು ಆನೆಯಲ್ಲ, ಕುರುಡು ತಂದೆತಾಯಿಗಳಿಗೆ ನೀರು ತರಲು ಹೊರಟ ಹುಡುಗ; ಜನ ಶ್ರವಣಕುಮಾರನೆಂದು ಕರೆಯುವವನು. ಮೃಗದ ಬಾಯಾರಿಕೆಯ ಹೊತ್ತೂ ಮನುಷ್ಯನ ಬಾಯಾರಿಕೆಯ ಹೊತ್ತೂ ಒಂದಾದುದರಿಂದ ರಾಮಾಯಣದ ಅಷ್ಟು ದೊಡ್ಡ ದುಃಖಕ್ಕೆ ಬೀಜ ಬಿತ್ತು. ಬೇಟೆಯ ಬರಹದಲ್ಲಿ ಹೊತ್ತು ಎಂಬುದು ಹಿನ್ನೆಲೆಯ ಅಲಂಕಾರವಲ್ಲ, ಕಥೆಯ ಮೂಳೆ ಎನ್ನಲು ಇದಕ್ಕಿಂತ ನಿದರ್ಶನ ಬೇಕಿಲ್ಲ.

ಇನ್ನು ಆಧುನಿಕ ಕಾಲದ ದೊಡ್ಡ ಬೇಟೆಯನ್ನು ನೋಡೋಣ. ‘ಸಫಾರಿ’ ಎಂಬುದು ಸ್ವಾಹಿಲಿ ನುಡಿ. ಅದರ ಅರ್ಥ ಪ್ರಯಾಣ, ಅಷ್ಟೆ. ಪೂರ್ವ ಆಫ್ರಿಕದಲ್ಲಿ ಈ ಪ್ರಯಾಣದ ದಿನಚರಿಯನ್ನು ಗೊತ್ತುಮಾಡಿದ್ದು ಬೇಟೆಗಾರನಲ್ಲ, ಅಲ್ಲಿಯ ಸೂರ್ಯ ಮತ್ತು ಅಲ್ಲಿಯ ಮೃಗಗಳು. ಭೂಮಧ್ಯರೇಖೆಯ ಬಳಿ ವರ್ಷವಿಡೀ ಹಗಲು ಇರುಳು ಸರಿಸಮ; ಸಂಜೆಯೆಂಬುದು ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆದುಹೋಗುತ್ತದೆ. ಮೃಗಗಳು ತಂಪು ಹೊತ್ತಿನಲ್ಲಿ ಮೇಯುತ್ತವೆ, ಬಿಸಿಲೇರಿದಾಗ ನೆರಳಿನಲ್ಲಿ ಮಲಗುತ್ತವೆ. ಆದುದರಿಂದ ನಸುಕಿಗೆ ಮುಂಚೆ ಏಳುವುದು, ಒಂದು ಲೋಟ ಚಹಾ ಕುಡಿದು ಹೊರಡುವುದು, ಹತ್ತು ಗಂಟೆಯ ಸುಮಾರಿಗೆ ಮರಳಿ ಹೊಟ್ಟೆ ತುಂಬ ಉಣ್ಣುವುದು, ನಡುಹಗಲೆಲ್ಲ ಗುಡಾರದ ನೆರಳಿನಲ್ಲಿ ಕಾಗದ ಬರೆಯುವುದು, ಚರ್ಮ ಹದಮಾಡಿಸುವುದು, ಮೂರು ನಾಲ್ಕು ಗಂಟೆಗೆ ಮತ್ತೆ ಹೊರಟು ಕತ್ತಲಾಗುವುದರೊಳಗೆ ಬಿಡದಿಗೆ ಬರುವುದು, ಬೇಗನೆ ಮಲಗುವುದು: ಇದು ಎಲ್ಲರ ಕ್ರಮ.

ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟ್ ೧೯೦೯ರ ಏಪ್ರಿಲ್‌ನಲ್ಲಿ ಮೊಂಬಾಸಾದಲ್ಲಿ ಇಳಿದು ಇಂತಹ ಪ್ರಯಾಣ ಹೊರಟರು. ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕಾಗಿ ಪ್ರಾಣಿಗಳನ್ನು ಕೂಡಿಹಾಕುವುದು ಉದ್ದೇಶ. ಅವರೂ ಮಗ ಕೆರ್ಮಿಟ್‌ನೂ ಹೊಡೆದ ಪ್ರಾಣಿಗಳ ಸಂಖ್ಯೆ ೫೧೨. ಚರ್ಮ ಕೆಡದಿರಲೆಂದು ಒಯ್ದ ಉಪ್ಪೇ ನಾಲ್ಕು ಟನ್ನು! ೧೯೧೦ರಲ್ಲಿ ಬಂದ ಅವರ ‘ಆಫ್ರಿಕನ್ ಗೇಮ್ ಟ್ರೇಲ್ಸ್’ ಪುಸ್ತಕದಲ್ಲಿ ನನಗೆ ಹಿಡಿಸುವ ಗುಣವೊಂದಿದೆ. ಅವರು ಅಡುಗೆಯ ಮನೆಯ ಬಾಗಿಲು ಮುಚ್ಚುವುದಿಲ್ಲ. ಡಬ್ಬಿಯಲ್ಲಿ ತುಂಬಿದ ಬಾಸ್ಟನ್ನಿನ ಹುರುಳಿ, ಕ್ಯಾಲಿಫೋರ್ನಿಯದ ಪೀಚ್ ಹಣ್ಣು, ಟೊಮೇಟೊಗಳನ್ನು ತಂದುದನ್ನು ಹೇಳುತ್ತಾರೆ. ಆನೆಯ ಗುಂಡಿಗೆಯ ಚೂರುಗಳನ್ನು ಕವಲುಕಡ್ಡಿಗೆ ಸಿಕ್ಕಿಸಿ ಸುಟ್ಟು ತಿಂದುದನ್ನೂ ಹೇಳುತ್ತಾರೆ. ಹಂದಿಯ ಚರ್ಮದ ರಟ್ಟು ಹಾಕಿಸಿದ ಪುಟ್ಟ ಪುಸ್ತಕ ಭಂಡಾರವೊಂದು ಜೊತೆಗಿತ್ತು. ಚರ್ಮ ಸುಲಿಯುವವರಿಗಾಗಿ ಕಾಯುತ್ತ, ಬಿದ್ದ ಮೃಗದ ಪಕ್ಕದಲ್ಲಿ ಕೂತೇ ಓದುತ್ತಿದ್ದರಂತೆ.

ಇಷ್ಟಾದರೂ ಪುಸ್ತಕ ದೊಡ್ಡದಾಯಿತೇ ಹೊರತು ಆಳವಾಗಲಿಲ್ಲ. ಕಾರಣವನ್ನು ಊಟದ ಲೆಕ್ಕದಲ್ಲಿಯೇ ಹುಡುಕಬಹುದು. ಪ್ರಯಾಣ ಹೊರಟಾಗ ಇದ್ದ ಹೊರೆಯಾಳುಗಳು ಇನ್ನೂರಕ್ಕೂ ಮೇಲು. ಆ ಸೀಮೆಯಲ್ಲಿ ಒಬ್ಬ ಆಳಿನ ಹೊರೆ ೬೦ ಪೌಂಡು; ದಿನದ ಪಡಿ ಸುಮಾರು ಒಂದೂವರೆ ಪೌಂಡು ಜೋಳದ ಹಿಟ್ಟು, ಅವರು ‘ಪೋಷೊ’ ಎನ್ನುತ್ತಿದ್ದುದು. ಓದುಗರು ಲೆಕ್ಕ ಹಾಕಿ ನೋಡಲಿ: ಇನ್ನೂರು ಜನರಿಗೆ ದಿನಕ್ಕೆ ೩೦೦ ಪೌಂಡು, ಅಂದರೆ ಐದು ಹೊರೆ. ಹತ್ತು ದಿನದ ಹಾದಿಗೆ ಐವತ್ತು ಹೊರೆ. ಆ ಐವತ್ತು ಹೊರೆ ಹೊರುವವರೂ ಉಣ್ಣಬೇಕು. ಹೀಗಾಗಿ ದೊಡ್ಡ ಬೇಟೆಯೆಂದರೆ ಹಿಟ್ಟು ತಾನೇ ಹಿಟ್ಟನ್ನು ತಿನ್ನುತ್ತ ನಡೆಯುವ ಮೆರವಣಿಗೆ. ನೀರಿರುವ ಕಡೆ ಬಿಡದಿ, ಹಿಟ್ಟು ಸಿಗುವ ಕಡೆಗೆ ಹಾದಿ. ಅದು ಸಾಲದಾದಾಗ ಹೊಟ್ಟೆಗಾಗಿ ಹೊಡೆದ ಮೃಗ. ರೂಸ್‌ವೆಲ್ಟರು ತಮ್ಮ ಹೊರೆಯಾಳುಗಳ ಹಾಡನ್ನೂ, ಮಾಂಸ ಸಿಕ್ಕ ದಿನದ ಅವರ ಸಂಭ್ರಮವನ್ನೂ ಲವಲವಿಕೆಯಿಂದ ಬರೆಯುತ್ತಾರೆ. ಆದರೆ ಅವರ ನೋಟಕ್ಕೆ ಅದು ನೋಟಕ್ಕಾಗಿ ನೋಟ. ಹಸಿವು ಬೇಟೆಯ ಚಕ್ರವನ್ನು ಹೇಗೆ ತಿರುಗಿಸುತ್ತಿತ್ತೆಂಬುದು ಅಂಕಿಯಲ್ಲಿದೆ, ಅನುಭವದಲ್ಲಿಲ್ಲ. ವಿದೂಷಕ ಅಲ್ಲಿ ಇನ್ನೂರು ಜನರಾಗಿ ನಡೆಯುತ್ತಿದ್ದಾನೆ. ಬಾಯಿ ಮಾತ್ರ ಸೇನಾಪತಿಯದು.

ಇದಕ್ಕಿಂತ ಬರಡಾದ ಬೇಟೆಯೂ ಉಂಟು. ದೆಹಲಿ ದರ್ಬಾರು ಮುಗಿಸಿಕೊಂಡು ಐದನೆಯ ಜಾರ್ಜ್ ದೊರೆ ೧೯೧೧ರ ಡಿಸೆಂಬರಿನಲ್ಲಿ ನೇಪಾಳದ ತೆರಾಯಿಗೆ ಹೋದಾಗ ೩೯ ಹುಲಿ, ೧೮ ಖಡ್ಗಮೃಗಗಳು ಬಿದ್ದವು. ಅಲ್ಲಿಯ ಪದ್ಧತಿಯೇ ಬೇರೆ. ರಾತ್ರಿ ಕೋಣದ ಕರು ಕಟ್ಟುವುದು, ಮುಂಜಾನೆ ಹುಲಿ ಬಿದ್ದ ಸುದ್ದಿ ತರುವುದು, ಆನೆಗಳಿಂದ ಸುತ್ತಲೂ ಬಳಸಿ ಕೋಟೆ ಕಟ್ಟುವುದು, ದೊರೆಗಳು ಬರುವ ತನಕ ಹುಲಿಯನ್ನು ಅಲ್ಲಿಯೇ ತಡೆದು ನಿಲ್ಲಿಸುವುದು. ಇಲ್ಲಿ ಮೃಗದ ಹೊತ್ತಿಗೆ ಮನುಷ್ಯ ಹೊಂದಿಕೊಳ್ಳಲಿಲ್ಲ. ಮನುಷ್ಯನ ಹೊತ್ತಿಗೆ ಮೃಗವನ್ನು ಹೊಂದಿಸಲಾಯಿತು. ಕಾಯುವುದು ಇಲ್ಲದ ಕಡೆ ಕಥೆಯೂ ಇರುವುದಿಲ್ಲ. ಅಂತಹ ಬೇಟೆ ಪಟ್ಟಿಯನ್ನು ಕೊಡಬಲ್ಲದು, ಪುಸ್ತಕವನ್ನು ಕೊಡಲಾರದು.

ಕಾಯುವುದನ್ನೇ ಕಲೆಯಾಗಿ ಮಾಡಿದವರು ಅರ್ನೆಸ್ಟ್ ಹೆಮಿಂಗ್ವೆ. ೧೯೩೩–೩೪ರ ಪ್ರವಾಸದಿಂದ ಹುಟ್ಟಿದ ‘ಗ್ರೀನ್ ಹಿಲ್ಸ್ ಆಫ್ ಆಫ್ರಿಕ’ ೧೯೩೫ರಲ್ಲಿ ಪ್ರಕಟವಾಯಿತು. ಉಪ್ಪುನೆಲದ ಬಳಿ ಮರೆಯಲ್ಲಿ ಕೂತು ಕುಡು ಎಂಬ ಜಿಂಕೆಯ ದಾರಿ ಕಾಯುವಾಗ ಲಾರಿಯೊಂದರ ಸದ್ದಿನಿಂದ ಆ ಸಂಜೆ ಕೆಡುವುದೇ ಆರಂಭ. ಮಳೆ ಹತ್ತಿರವಾಗುತ್ತಿದೆ, ಮಳೆ ಹಿಡಿದರೆ ದಾರಿ ಮುಚ್ಚುತ್ತದೆ, ಉಳಿದ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು. ಈ ಒತ್ತಡದಿಂದ ಪುಸ್ತಕಕ್ಕೆ ಬಿಗಿ ಬಂದಿದೆ. ಒಂದೊಂದು ಬೆಳಗೂ ಒಂದೊಂದು ಸಂಜೆಯೂ ಖರ್ಚಾಗುವ ನಾಣ್ಯದಂತೆ ನಮಗೆ ಕಾಣುತ್ತದೆ. ಆದರೆ ತುತ್ತಿನ ವಿಷಯದಲ್ಲಿ ಈ ಲೇಖಕರದು ಅರೆಮನಸ್ಸಿನ ಪ್ರಾಮಾಣಿಕತೆ. ೧೯೩೪ರ ಜನವರಿಯಲ್ಲಿ ಅವರು ಆಮಶಂಕೆಯಿಂದ ನರಳಿ ವಿಮಾನದಲ್ಲಿ ನೈರೋಬಿಗೆ ಹೋಗಬೇಕಾಯಿತು. ಪುಸ್ತಕದಲ್ಲಿ ಅದಕ್ಕೆ ಸಿಕ್ಕ ಸ್ಥಳ ಅತ್ಯಲ್ಪ. ಸಂಜೆಯ ಬೆಂಕಿ, ವಿಸ್ಕಿ, ಸಾಹಿತ್ಯದ ಮಾತು ಇವಕ್ಕೆ ಪುಟಗಳು ಧಾರಾಳ. ಗೆದ್ದ ಬೇಟೆಗಾರನ ಹಸಿವು ಬರಹಕ್ಕೆ ಬರುತ್ತದೆ, ಸೋತ ಹೊಟ್ಟೆ ಬರುವುದಿಲ್ಲ.

ಈ ಎಲ್ಲರಿಗಿಂತ ಜಿಮ್ ಕಾರ್ಬೆಟ್ಟರನ್ನು ನಾನು ಮೇಲೆ ಇಡುವುದು ಅವರ ಗುರಿಗಾರಿಕೆಗಾಗಿ ಅಲ್ಲ. ಬೇಟೆಯ ವೇಳಾಪಟ್ಟಿಯೊಳಗೆ ಹಳ್ಳಿಯ ವೇಳಾಪಟ್ಟಿಯನ್ನು ಅವರು ತಂದರು. ನರಭಕ್ಷಕ ಹುಲಿ ಮನುಷ್ಯನ ಭಯವನ್ನು ಕಳೆದುಕೊಂಡು ಹಗಲಿನಲ್ಲಿ ಕೊಲ್ಲುತ್ತದೆ. ಚಿರತೆ ಎಷ್ಟು ಜನರನ್ನು ತಿಂದರೂ ಆ ಭಯವನ್ನು ಬಿಡದೆ ಇರುಳಿನಲ್ಲಿ ಬರುತ್ತದೆ ಎಂದು ಅವರು ವಿವರಿಸುತ್ತಾರೆ. ಈ ಒಂದು ಭೇದದಿಂದ ಎರಡು ಬಗೆಯ ಪುಸ್ತಕಗಳು ಹುಟ್ಟಿದುವು. ೧೯೪೪ರ ‘ಮ್ಯಾನ್ ಈಟರ್ಸ್ ಆಫ್ ಕುಮಾಂವ್’ನ ಚಂಪಾವತದ ಹುಲಿ ಹಗಲಿನದು, ಆದುದರಿಂದ ಅದಕ್ಕೆ ಸಿಕ್ಕವರಲ್ಲಿ ದನಕ್ಕೆ ಸೊಪ್ಪು ಕೊಯ್ಯಲು, ಒಲೆಗೆ ಸೌದೆ ಆಯಲು ಹೋದ ಹೆಂಗಸರಿದ್ದಾರೆ. ಅದು ಕೊನೆಗೆ ಕೊಂದ ಹುಡುಗಿ ಒಣಕಡ್ಡಿ ಆಯುತ್ತಿದ್ದವರ ಗುಂಪಿನಲ್ಲಿದ್ದವಳು. ಮರುದಿನ ತಹಸೀಲ್ದಾರರು ಕೂಡಿಸಿದ ೨೯೮ ಜನ ಕಾಡು ಸುತ್ತಿ ಗದ್ದಲವೆಬ್ಬಿಸಿದರು. ತೆರಾಯಿಯ ಆನೆಕೋಟೆಯೂ ಸುತ್ತುವುದೇ, ಇದೂ ಸುತ್ತುವುದೇ. ಆದರೆ ಈ ೨೯೮ ಜನರು ತಮ್ಮ ಹೊಲಕ್ಕೂ ಸೌದೆಗೂ ಮತ್ತೆ ನಿರ್ಭಯವಾಗಿ ಹೋಗುವ ಹೊತ್ತನ್ನು ಗಳಿಸಿಕೊಳ್ಳಲು ಬಂದವರು.

ರುದ್ರಪ್ರಯಾಗದ ಚಿರತೆ ಇರುಳಿನದು. ೧೯೧೮ರಿಂದ ೧೯೨೬ರವರೆಗೆ ಸರಕಾರಿ ಲೆಕ್ಕದಲ್ಲಿಯೇ ೧೨೫ ಜನರನ್ನು ತಿಂದ ಅದು ಕೇದಾರ ಬದರಿಗಳ ಯಾತ್ರೆಯ ದಾರಿಗೆ ಕತ್ತಲೆಯ ಕಟ್ಟಳೆಯನ್ನು ಹಾಕಿತು. ಹೊತ್ತು ಮುಳುಗಿದರೆ ಬಾಗಿಲು ಮುಚ್ಚಬೇಕು. ಯಾತ್ರಿಕ ಹಸಿದಿರಲಿ ದಣಿದಿರಲಿ ಬೆಳಕಿರುವಾಗಲೇ ಚಟ್ಟಿ ಸೇರಬೇಕು. ಕಾರ್ಬೆಟ್ ಸೇತುವೆಯ ಗೋಪುರದ ಮೇಲೆ ಇಪ್ಪತ್ತು ರಾತ್ರಿ ಕಾದರು, ಚಿರತೆ ಬರಲಿಲ್ಲ. ಬಾರದ ಇಪ್ಪತ್ತು ರಾತ್ರಿಗಳನ್ನು ಮುಚ್ಚಿಡದೆ ಬರೆಯುವ ಲೇಖಕನನ್ನು ನಾವು ನಂಬುತ್ತೇವೆ. ಶ್ರವಣಕುಮಾರನ ಕೊಡವೂ ಚಂಪಾವತದ ಹುಡುಗಿಯ ಕಡ್ಡಿಗಳೂ ಒಂದೇ ಮಾತನ್ನು ಹೇಳುತ್ತವೆ: ಬಡವರಿಗೆ ನೀರು ಸೌದೆಗಳ ಹೊತ್ತನ್ನು ಮುಂದೂಡಲು ಬರುವುದಿಲ್ಲ.

ನಮ್ಮ ಕನ್ನಡಕ್ಕೆ ಈ ಸಾಹಿತ್ಯ ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಸಮೃದ್ಧವಾಗಿ ಬಂತು. ಕೆನೆತ್ ಆಂಡರ್ಸನ್ನರ ಬರಹಗಳು ‘ಕಾಡಿನ ಕಥೆಗಳು’ ಆಗಿಯೂ, ಕಾರ್ಬೆಟ್ಟರ ಪುಸ್ತಕ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ವಾಗಿಯೂ ಮನೆಮನೆಗೆ ಸೇರಿವೆ. ಇಂತಹ ಅನುವಾದಗಳಲ್ಲಿ ಕನ್ನಡಕ್ಕೆ ಒಂದು ಸಹಜವಾದ ಅನುಕೂಲವಿದೆ. ಇಂಗ್ಲಿಷ್ ಬೇಟೆಗಾರ ಹೊತ್ತನ್ನು ಕೈಗಡಿಯಾರದಲ್ಲಿ ನೋಡುತ್ತಾನೆ. ನಮ್ಮ ನುಡಿ ಅದನ್ನು ಕೆಲಸದಲ್ಲಿ ನೋಡುತ್ತದೆ. ಕೋಳಿ ಕೂಗುವ ಹೊತ್ತು, ಬುತ್ತಿ ಒಯ್ಯುವ ಹೊತ್ತು, ದನ ಕೊಟ್ಟಿಗೆಗೆ ಬರುವ ಹೊತ್ತು, ದೀಪ ಹಚ್ಚುವ ಹೊತ್ತು, ಉಂಡು ಮಲಗುವ ಹೊತ್ತು. ‘ಸಂಜೆ ೬ ಗಂಟೆಗೆ ಚಿರತೆ ಬಂತು’ ಎಂದರೆ ಸುದ್ದಿ. ‘ದನ ಬರುವ ಹೊತ್ತಿಗೆ ಬಂತು’ ಎಂದರೆ ಆ ಹೊತ್ತಿನಲ್ಲಿ ಅಂಗಳದಲ್ಲಿ ಯಾರಿದ್ದರು, ಯಾರ ಕೈಯಲ್ಲಿ ಹಗ್ಗವಿತ್ತು, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಮುಂದೆ ಅನುವಾದಕ್ಕೆ ಕೈಹಾಕುವವರು ಈ ಸಂಪತ್ತನ್ನು ಗಡಿಯಾರದ ಅಂಕಿಗಳಿಗೆ ಬಿಟ್ಟುಕೊಡಬಾರದು.

ಬೇಟೆಯ ಕಾಲ ಮುಗಿದಿದೆ; ಮುಗಿದುದು ಒಳ್ಳೆಯದೇ ಆಯಿತು. ಆದರೆ ಆ ಪುಸ್ತಕಗಳನ್ನು ಸುಮ್ಮನೆ ಅಟ್ಟಕ್ಕೆ ಹಾಕಿದರೆ ಹೊರೆಯಾಳಿನ ಹಿಟ್ಟಿನ ಲೆಕ್ಕವೂ, ಗಢವಾಲದ ಮುಚ್ಚಿದ ಬಾಗಿಲುಗಳೂ ಅಟ್ಟಕ್ಕೇ ಸೇರುತ್ತವೆ. ನನ್ನ ತರಗತಿಯ ಹುಡುಗರು ಇವನ್ನು ಓದಿ ಬಂದಾಗ, ಹುಲಿ ಎಷ್ಟು ಅಡಿ ಉದ್ದವಿತ್ತೆಂದು ನಾನು ಕೇಳುವುದಿಲ್ಲ. ಆ ದಿನ ಅಲ್ಲಿ ಯಾರು ಯಾರು ಉಂಡರು, ಯಾರು ಉಣ್ಣಲಿಲ್ಲ ಎಂದು ಕೇಳುತ್ತೇನೆ. ಉತ್ತರ ಪುಸ್ತಕದಲ್ಲಿ ಸಿಕ್ಕರೆ ಅದು ಉಳಿಯಬೇಕಾದ ಪುಸ್ತಕ.